ಮಾವನ ಡಿವಿಡಿಯಲ್ಲಿ ನಾಲ್ಕು ನಿಮಿಷ

"ನಾಲ್ಕೇ ನಿಮಿಷ ತೆಗೀಬೇಕವ್ವಾ. ನಿನಗ ಕಂಪ್ಯೂಟರ್ ಬರ್ತದಲ್ಲ?"

ಕಾಶಿನಾಥ ಮಾವ ಹೀಗೆ ಕೇಳಿ ಒಂದು ಡಿವಿಡಿಯನ್ನು ನನ್ನ ಕೈಗಿಟ್ಟಾಗ ನಕ್ಕುಬಿಟ್ಟೆ. ಜನ ತಮ್ಮ ವಿಡಿಯೊದಿಂದ ಏನೇನು ತೆಗೆಸುತ್ತಾರೆ? ಬಾಯಿ ತುಂಬ ಜಿಲೇಬಿ ತುರುಕಿಕೊಂಡದ್ದು, ಮಾತಿನ ಮಧ್ಯೆ ತಡವರಿಸಿದ್ದು, ಆಗದವರ ಮುಖ. ಮಾವ ತೆಗೆಸಲು ಹೊರಟಿದ್ದು ಮಾತ್ರ ತನ್ನನ್ನೇ ಹೊಗಳಿದ ಭಾಷಣವನ್ನು!

ಮಾವ ಎಂದರೆ ನನ್ನ ಅವ್ವನ ತಮ್ಮ. ಭಾತಂಬ್ರಾ ಕಡೆಯ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ, ಹೆಡ್ ಮಾಸ್ತರರಾಗಿ ರಿಟೈರ್ ಆಗಿ, ಈಗ ಔರಾದದಲ್ಲಿದ್ದಾರೆ. ಕಳೆದ ವರ್ಷ ಹಳೆಯ ವಿದ್ಯಾರ್ಥಿಗಳು ಭಾಲ್ಕಿಯಲ್ಲೊಂದು ಹಾಲ್ ಹಿಡಿದು ಸನ್ಮಾನ ಮಾಡಿದರು. ಅದರದೇ ಡಿವಿಡಿ ಇದು. (ಹೌದು, ಡಿವಿಡಿಯೇ. ಪೆನ್‌ಡ್ರೈವ್ ಕೊಡುತ್ತೇವೆ ಎಂದರೆ ಮಾವ ಒಪ್ಪಲಿಲ್ಲ. "ಕೈಯಾಗ ಹಿಡೀಲಾಕ ಏನರ ಬೇಕಲ್ಲ?" ಎಂದಿದ್ದರು.)

"ಯಾರ ಭಾಷಣ ತೆಗೀಬೇಕು ಮಾವಾ?"

"ಗುಂಡಪ್ಪಂದು."

"ಯಾಕ? ಎಲ್ಲಾದ್ರಾಗೂ ಅದೇ ಛಲೋ ಅದ."

"ಜರಾ ಹೆಚ್ಚಾಗ್ಯಾದ" ಎಂದರು ಮಾವ.

ಗುಂಡಪ್ಪ ಬಸ್ ಡ್ರೈವರ್. ಔರಾದ–ಬೀದರ ರೂಟು. ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಹಿಂದಿನ ಕಲ್ಲುರಾಶಿಯಲ್ಲಿ ಚೆಂಡು ಹುಡುಕಲು ಹೋಗಿ ಹಾವು ಕಡಿಸಿಕೊಂಡವನು. "ಸರ್ ನನ್ನ ಬೆನ್ನಮ್ಯಾಲ ಹೊತ್ತು ರೋಡಿನ ತನಾ ಓಡಿದ್ರು. ಜೀಪ್ ನಿಲ್ಸಿ ದವಾಖಾನಿಗಿ ಒಯ್ದ್ರು. ನಾ ಕಣ್ಣು ತೆರದಾಗ ಎದುರಿಗಿ ಸರ್ ಇದ್ರು" ಎಂದು ಮೈಕಿನ ಮುಂದೆ ಅತ್ತುಬಿಟ್ಟಿದ್ದ. ಹಾಲ್‌ಗೆ ಹಾಲೇ ಕಣ್ಣೊರೆಸಿಕೊಂಡಿತ್ತು. ನಾನೂ ಒರೆಸಿಕೊಂಡಿದ್ದೆ. ಅಷ್ಟೇ ಅಲ್ಲ, ಇದೇ ಅಂಕಣದಲ್ಲಿ ಬರೆದೂ ಇದ್ದೆ. ನಿಮ್ಮಲ್ಲಿ ಕೆಲವರು ಮೆಚ್ಚಿ ಫೋನ್ ಮಾಡಿದ್ದೂ ನೆನಪಿದೆ.

ಈಗ ಅದನ್ನು ತೆಗೆಯಬೇಕಂತೆ!

ನನಗೆ ಬರುವ ಕಂಪ್ಯೂಟರ್ ಎಷ್ಟೆಂದು ಮನೆಗೆ ಬಂದಮೇಲೆ ಗೊತ್ತಾಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ತೂರಿಸಲು ಜಾಗವೇ ಇಲ್ಲ. ಬೀದರದಲ್ಲಿ ಎರಡು ಅಂಗಡಿ ಸುತ್ತಿದೆ. "ಒಮ್ಮೆ ಬರ್ನ್ ಆದದ್ದು ಆಯ್ತ್ರಿ, ಅದರೊಳಗ ಕೈ ಹಾಕಲಾಕ ಬರಲ್ಲ" ಎಂದರು ಒಬ್ಬರು. "ಬರ್ತದ್ರಿ, ಆದ್ರ ಮಾಡಿದವರ ಕಡಿಗೇ ಹೋಗ್ರಿ" ಎಂದರು ಇನ್ನೊಬ್ಬರು. ಈ ನಡುವೆ ಅತ್ತೆಯ ಫೋನು. "ನಿಮ್ಮ ಮಾವಗ ತಲಿ ಕೆಟ್ಟದ. ಒಂದು ನಿಮಿಷನೂ ತೆಗೀಬ್ಯಾಡ. ಬೀಗರು ಬಂದಾಗ ನಾ ಅದನ್ನೇ ಹಚ್ಚತೇನಿ!"

ಯಾರ ಮಾತು ಕೇಳುವುದು? ವಿಡಿಯೊ ಯಾರದು? ಹೊಗಳಿಸಿಕೊಂಡವರದೇ, ಹೊಗಳಿದವರದೇ, ನೋಡುವವರದೇ? ನನಗಂತೂ ಹೊಳೆಯಲಿಲ್ಲ. ಭಾನುವಾರ ಭಾಲ್ಕಿಯ ಬಸ್ ಹತ್ತಿದೆ.

ಸನ್ಮಾನದ ವಿಡಿಯೊ ಮಾಡಿದ ಸ್ಟುಡಿಯೊದ ಇರ್ಫಾನ್ ಭಾಯಿ ಐವತ್ತರ ಗೃಹಸ್ಥರು. ಮೂಲ ವಿಡಿಯೊ ಎಂದೋ ಅಳಿಸಿದ್ದಾರಂತೆ. "ಡಿಸ್ಕಿನಿಂದ ಕಾಪಿ ಮಾಡ್ಕೊಂಡು, ಕಟ್ ಮಾಡಿ, ಹೊಸ ಡಿಸ್ಕ್ ಬರೀಬೇಕ್ರಿ ಮೇಡಂ. ಜರಾ ಕ್ಲಿಯರ್ ಕಮ್ಮಿ ಆಗ್ತದ" ಎನ್ನುತ್ತ ಪರದೆಯ ಮೇಲೆ ಗುಂಡಪ್ಪನನ್ನು ನಿಲ್ಲಿಸಿದರು. "ಎಲ್ಲಿಂದ ಎಲ್ಲಿ ತನಾ?"

ಗುಂಡಪ್ಪ ಮಾತಾಡಿದ. ಅತ್ತ. ಕ್ಯಾಮೆರಾ ಮಾವನ ಕಡೆ ತಿರುಗಿತು. ಮಾವ ಎದ್ದು, ತಲೆ ಆಡಿಸಿ, ಎರಡೂ ಕೈ ಮುಗಿದರು. ಅದೂ ಸ್ಲೋ ಮೋಷನ್‌ನಲ್ಲಿ! ಮೇಲಿನಿಂದ ಗುಲಾಬಿ ಪಕಳೆಗಳು ಬೇರೆ ಉದುರುತ್ತಿದ್ದವು.

"ಇದು ನಂದೇ ಎಫೆಕ್ಟ್ ರೀ. ಮೂರು ಸೆಕೆಂಡ್ ಇತ್ತು, ಒಂಬತ್ತು ಸೆಕೆಂಡ್ ಎಳದೀನಿ" ಎಂದರು ಇರ್ಫಾನ್ ಭಾಯಿ, ಹೆಮ್ಮೆಯಿಂದ.

ನಾನು ಅಲ್ಲಿಂದಲೇ ಮಾವನಿಗೆ ಫೋನ್ ಹಚ್ಚಿದೆ. ಕಾರಣ ಹೇಳದಿದ್ದರೆ ಕತ್ತರಿ ಆಡಿಸುವುದಿಲ್ಲ ಎಂದೆ.

"ಅವನ್ನ ಹೊತ್ತುಕೊಂಡು ಹೋದವ ನಾ ಅಲ್ಲವ್ವಾ."

"ಅಂದ್ರ?"

"ನಾ ಆವತ್ತು ಮೀಟಿಂಗಿಗಿ ಭಾಲ್ಕಿಗಿ ಹೋಗಿದ್ದೆ. ಸಾಲ್ಯಾಗ ರತ್ನಮಾಲಾ ಟೀಚರ್ ಒಬ್ಬಾಕಿನೇ ಇದ್ಲು. ಆಕಿನೇ ಹೊತ್ತು ಓಡಿದ್ಲು, ಆಕಿನೇ ಜೀಪ್ ನಿಲ್ಸಿದ್ಲು. ಉಳಿದ ಹುಡುಗ್ರು ಸಾಲ್ಯಾಗ ಇದ್ರಲ್ಲ, ಇವನ್ನ ದವಾಖಾನಿಗಿ ಸೇರ್ಸಿ ವಾಪಸ್ ಹೋದ್ಲು. ನಾ ಸುದ್ದಿ ಕೇಳಿ ಸಂಜಿಕಿ ಹೋದೆ. ಅವ ಕಣ್ಣು ತೆರದಾಗ ಬಿಸ್ಕೀಟ್ ಹಿಡ್ಕೊಂಡು ಎದುರಿಗಿ ಕುಂತಿದ್ದೆ, ಅಷ್ಟೇ. ಹೊತ್ತವ ನಾನೇ ಅಂತ ತಿಳಕೊಂಡ. ಎರಡು ತಿಂಗಳಿಗಿ ಆಕಿಗಿ ಬ್ಯಾರೆ ಊರಿಗಿ ವರ್ಗ ಆಯ್ತು."

"ಸ್ಟೇಜ್ ಮ್ಯಾಲೇ ಹೇಳಬಹುದಿತ್ತಲ್ಲ ಮಾವಾ?"

"ಹೇಳಬೇಕಂತ ಎದ್ದೆ. ಚಪ್ಪಾಳಿ ಶುರು ಆಯ್ತು. ಕೈ ತಾನೇ ಮುಗೀತು."

ಫೋನ್ ಇಟ್ಟೆ. ಪರದೆಯ ಮೇಲೆ ಮಾವನ ಕೈಗಳು ಅರ್ಧ ಮುಗಿದು ನಿಂತಿದ್ದವು. ಮಾವ ತೆಗೆಸಲು ಹೊರಟಿದ್ದು ಗುಂಡಪ್ಪನ ಮಾತನ್ನಲ್ಲ, ಈ ಕೈಗಳನ್ನು. ಇರ್ಫಾನ್ ಭಾಯಿಗೆ ಸ್ವಲ್ಪ ಮುಂದೆ ಓಡಿಸಲು ಹೇಳಿದೆ. ಕ್ಯಾಮೆರಾ ಸಭಿಕರ ಕಡೆ ಹೊರಳಿತು. ಮೂರನೇ ಸಾಲಿನಲ್ಲಿ, ನೀಲಿ ಸೀರೆಯಲ್ಲಿ, ರತ್ನಮಾಲಾ ಟೀಚರ್! ಅವರನ್ನು ಸನ್ಮಾನದ ದಿನವೇ ನನಗೆ ಪರಿಚಯ ಮಾಡಿಸಿದ್ದರು. ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.

ತಲೆ ಪೂರ್ತಿ ಗೊಂದಲದ ಗೂಡಾಯಿತು. ಕತ್ತರಿಸಿದರೆ ಮಾವನ ಸುಳ್ಳು ಹೋಗುತ್ತದೆ, ನಿಜ. ಗುಂಡಪ್ಪನ ಕಣ್ಣೀರೂ ಹೋಗುತ್ತದಲ್ಲ? ಅದು ಸುಳ್ಳಾಗಿರಲಿಲ್ಲ. ಟೀಚರ್ ಚಪ್ಪಾಳೆಯೂ ಹೋಗುತ್ತದೆ. ಬಿಟ್ಟರೆ? ಬೀಗರು ಬಂದಾಗಲೆಲ್ಲ ಮಾವ ಒಂಬತ್ತು ಸೆಕೆಂಡ್ ಕೈ ಮುಗಿಯುತ್ತಲೇ ಇರಬೇಕು.

"ಏನ್ ಮಾಡ್ಲಿ ಮೇಡಂ?" ಎಂದರು ಇರ್ಫಾನ್ ಭಾಯಿ.

"ತಡೀರಿ" ಎಂದೆ.

ಟೀಚರ್ ಇರುವುದು ಹಲಬರ್ಗಾದಲ್ಲಿ. ಬೀದರಕ್ಕೆ ಮರಳುವ ದಾರಿಯಲ್ಲೇ. ಹೋದೆ. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಮೊಮ್ಮಗಳ ಪಾಟಿಚೀಲ. ಚಹಾ ಮಾಡಿಕೊಟ್ಟರು. ವಿಷಯ ಹೇಗೆ ತೆಗೆಯಲೆಂದು ನಾನು ಒದ್ದಾಡುತ್ತಿದ್ದರೆ, ನನ್ನ ಕೈಯಲ್ಲಿದ್ದ ಡಿಸ್ಕ್ ನೋಡಿ ಅವರೇ ಕೇಳಿದರು.

"ಸಿಡಿ ಸಲುವಾಗಿ ಬಂದೀರೇನ್ರಿ?"

"ಹೌದ್ರಿ. ಮಾವ ಆ ಭಾಷಣ ತೆಗೆಸಲಾಕ ಹೇಳ್ಯಾರ. ನಿಮಗ ಆವತ್ತು ಬ್ಯಾಸರ ಆಗ್ಲಿಲ್ಲೇನ್ರಿ?"

"ಆಯ್ತ್ರಿ. ಸುಳ್ಳ್ಯಾಕ ಹೇಳ್ಲಿ? ಮನಿಗಿ ಬಂದು ಊಟ ಮಾಡ್ಲಿಲ್ಲ."

"ಮತ್ತ ಚಪ್ಪಾಳಿ ಯಾಕ ಹೊಡದ್ರಿ?"

"ಹುಡುಗ ಬದುಕ್ಯಾನಲ್ರಿ! ಬೆನ್ನಮ್ಯಾಲ ಒಯ್ಯುವಾಗ ಮೈ ತಣ್ಣಗಾಗಲಾಕತ್ತಿತ್ತು. ಅವ ಈಗ ಬಸ್ ಹೊಡೀತಾನ, ಇಬ್ಬರು ಮಕ್ಕಳು ಅದಾರ. ಅದಕ್ಕ ಹೊಡದೆ."

ನಾನು ಚಹಾದ ಕಪ್ ಕೆಳಗಿಟ್ಟೆ.

"ಅದನ್ನ ತೆಗೀಬ್ಯಾಡ್ರಿ" ಎಂದರು ಟೀಚರ್. "ಸರ್‌ಗಿ ಅಷ್ಟು ಮನಸ್ಸಿಗಿ ಹತ್ತಿದ್ರ ಗುಂಡಪ್ಪಗ ಹೇಳ್ಲಿ. ಸಿಡಿಗ್ಯಾಕ ಹೇಳ್ತಾರ?"

ಆ ಮಾತನ್ನು ಮಾವನಿಗೆ ಇದ್ದದ್ದು ಇದ್ದ ಹಾಗೆ ತಲುಪಿಸಿದೆ. ಅವರು "ಹ್ಞೂಂ" ಎಂದರು.

ಮೂರನೇ ದಿನ ಮಾವ ಔರಾದದಲ್ಲಿ ಗುಂಡಪ್ಪನ ಬಸ್ಸೇ ಹತ್ತಿದರಂತೆ, ಅವನ ಹಿಂದಿನ ಸೀಟಿನಲ್ಲೇ ಕೂತರಂತೆ. ದಾರಿಯುದ್ದಕ್ಕೂ ಹೇಳಲು ಬಾಯಿ ಬರಲಿಲ್ಲವಂತೆ. ಗುಂಡಪ್ಪ ಮಾತ್ರ ಕನ್ನಡಿಯಲ್ಲಿ ನೋಡಿ ನೋಡಿ "ಆರಾಮರಿ ಸರ್?" ಎಂದು ಕೇಳುತ್ತಲೇ ಇದ್ದ. ಬೀದರದ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದು ಹೋದಮೇಲೆ, ಖಾಲಿ ಬಸ್ಸಿನಲ್ಲಿ ಹೇಳಿದರು. ಅಲ್ಲಿಂದ ನೇರ ನಮ್ಮ ಮನೆಗೆ ಬಂದು ನೀರು ಕೇಳಿ ಕುಡಿದರು.

"ಏನಂದ ಮಾವಾ?"

"ಸ್ಟೇರಿಂಗ್ ಬಿಟ್ಟು ನನ್ನ ಕಡಿ ತಿರುಗ್ದ. ಆಮ್ಯಾಲ, 'ಹಂಗಾದ್ರ ಇಷ್ಟು ವರ್ಷ ನಾ ಯಾರಿಗಿ ಕೈ ಮುಗದೆ ಸರ್?' ಅಂದ." ಅತ್ತರೋ ಇಲ್ಲವೋ, ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಹಗುರಾದರೋ, ಇನ್ನೂ ಭಾರವಾದರೋ? ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಇರ್ಫಾನ್ ಭಾಯಿಗೆ ಏನೂ ಕತ್ತರಿಸುವುದು ಬೇಡ ಎಂದು ತಿಳಿಸಿದೆ. ಅತ್ತೆ ಖುಷಿಯಾಗಿದ್ದಾರೆ. ಅವರು ಡಿವಿಡಿ ಹಚ್ಚಿದಾಗ ಮಾವ ಎದ್ದು ಹೋಗುವುದಿಲ್ಲವಂತೆ. ಆ ಜಾಗ ಬಂದಾಗ, ಬಂದವರಿಗೆಲ್ಲ "ಇದು ನಾ ಅಲ್ಲ, ಆ ಮೂರನೇ ಸಾಲಿನಾಕಿ" ಎಂದು ಬೆರಳು ತೋರಿಸುತ್ತಾರಂತೆ. ಬೀಗರು ಕಕ್ಕಾಬಿಕ್ಕಿ!

ಕಳೆದ ವಾರ ಗುಂಡಪ್ಪ ರಜೆ ಹಾಕಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಲಬರ್ಗಾಕ್ಕೆ ಹೋಗಿದ್ದ. ಟೀಚರೇ ಫೋನ್ ಮಾಡಿ ತಿಳಿಸಿದರು. ಕಾಲು ಹಿಡಿದು ಬಿಡಲೇ ಇಲ್ಲವಂತೆ. "ಇಷ್ಟು ವರ್ಷ ಯಾಕ ಹೇಳಲಿಲ್ರಿ ಟೀಚರ್?" ಎಂದು ಕೇಳಿದನಂತೆ.

"ನೀವು ಏನಂದ್ರಿ?" ಎಂದೆ.

"ಏನನ್ನಲಿ? 'ಯಾರು ಕೇಳಿದ್ರೋ ತಮ್ಮಾ?' ಅಂದೆ."