ರಾಯಪುರಂನ ದಾಯಾದಿ

ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ಬೆಳಿಗ್ಗೆ ಮೈಸೂರು ಬಿಟ್ಟು ಐನೂರು ಕಿಲೋಮೀಟರ್ ಕೂತೇ ಬಂದಿದ್ದರಿಂದ ನನ್ನ ಕಾಲು ಊದಿ ಚಪ್ಪಲಿ ಬಿಗಿಯಾಗಿತ್ತು. ಜೊತೆಗಿದ್ದ ಹ್ಯೂ ಸಾಹೇಬರು ಎಪ್ಪತ್ತು ದಾಟಿದವರು, ಐರ್ಲೆಂಡಿನ ಲಾರ್ಡ್. ಪ್ರತಿ ವರ್ಷ ಯೋಗ ಕಲಿಯಲು ಮೈಸೂರಿಗೆ ಬಂದು ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುತ್ತಾರೆ. ಲಾರ್ಡ್ ಅಂದರೆ ಅರಮನೆ, ಆಳುಕಾಳು ಅಂದುಕೊಂಡಿದ್ದೆ. ಇವರೋ ತಮ್ಮ ಬನಿಯನ್ ತಾವೇ ಒಗೆದು ನಮ್ಮ ತಾರಸಿಯಲ್ಲಿ ಒಣಹಾಕುತ್ತಾರೆ.

ರೈಲಿನಲ್ಲಿ ಉಪ್ಪಿಟ್ಟು ತಣ್ಣಗಾಗುವವರೆಗೂ ತಮ್ಮ ವಂಶದ ಕಥೆ ಹೇಳಿದರು. ಮೂಲಪುರುಷ ಇಂಗ್ಲೆಂಡಿನ ಒಬ್ಬ ಸೈನಿಕ. ರಾಜ ಐರ್ಲೆಂಡಿನಲ್ಲಿ ಯಾರದೋ ಜಮೀನು ಕಿತ್ತು ಇವನಿಗೆ ಕೊಟ್ಟ, ಮೇಲೊಂದು ಬಿರುದನ್ನೂ ಕೊಟ್ಟ. ತಾತನ ಕಾಲಕ್ಕೆ ಊರವರು ಬಂಗಲೆಗೆ ಬೆಂಕಿ ಇಟ್ಟರು. ಅಪ್ಪ ಉಳಿದ ಗೋಡೆಗಳನ್ನು ಮಾರಿ ಕುಡಿದು ಮುಗಿಸಿದ. ಇವರು ಲಂಡನ್ನಿನ ಶಾಲೆಯೊಂದರಲ್ಲಿ ಮೇಷ್ಟರಾಗಿ ನಿವೃತ್ತರಾದರು. ಇಂಗ್ಲಿಷರಿಗೆ ಇವರು ಐರಿಷ್, ಐರಿಷರಿಗೆ ಇಂಗ್ಲಿಷ್. ಇಂಥವರಿಗೆ ನಮ್ಮಲ್ಲಿ ಎಡಬಿಡಂಗಿ ಅನ್ನುತ್ತಾರೆ ಎಂದು ವಿವರಿಸಿದೆ. ಕೋಪಿಸಿಕೊಳ್ಳಲಿಲ್ಲ, ನಕ್ಕರು.

ಉಳಿದದ್ದು ಬಿರುದೊಂದೇ. ಅದು ಗಂಡು ಸಂತಾನಕ್ಕೆ ಮಾತ್ರ ಹೋಗುವಂಥದ್ದು, ಇವರಿಗಿರುವುದು ಇಬ್ಬರು ಹೆಣ್ಣುಮಕ್ಕಳು. ಆದರೆ ಮುತ್ತಾತನ ತಮ್ಮನೊಬ್ಬ ಇಂಜಿನಿಯರಾಗಿ ಮದರಾಸು ಬಂದರಿಗೆ ಬಂದು, ಇಲ್ಲಿಯ ಹೆಣ್ಣನ್ನು ಚರ್ಚಿನಲ್ಲಿ ಮದುವೆಯಾಗಿ ಇಲ್ಲೇ ಉಳಿದಿದ್ದ. ಅವನ ಗಂಡು ಕುಡಿ ಇದ್ದರೆ ಬಿರುದು ಮುಂದೆ ನಡೆಯುತ್ತದೆ, ಇಲ್ಲದಿದ್ದರೆ ಇವರೊಂದಿಗೇ ಮುಗಿಯಿತು. ಪುರಸೈವಾಕ್ಕಂನಲ್ಲಿ ಹೋಟೆಲು ನಡೆಸುವ ನಮ್ಮ ಶೀನಣ್ಣನಿಗೆ ಆ ಮನೆತನದ ಹೆಸರನ್ನು ಫೋನಿನಲ್ಲಿ ಹೇಳಿದ್ದೆ. ತಿಂಗಳು ಕಳೆಯುವುದರೊಳಗೆ, "ಸಿಕ್ಕಿದ ಮಾರಾಯ್ತಿ! ನಮ್ಮಲ್ಲಿಗೇ ದಿನಾ ಕಾಫಿಗೆ ಬರುವವ. ಕೂಡಲೇ ಕರ್ಕೊಂಡು ಬಾ" ಎಂದು ಕೂಗಾಡಿದ್ದ. ಹಾಗಾಗಿ ಈ ಬಿಸಿಲಿನ ಯಾತ್ರೆ.

ಶೀನಣ್ಣ ನನ್ನ ಒಡಹುಟ್ಟಿದವನು. ಮಕ್ಕಳಿಲ್ಲದ ದೊಡ್ಡಪ್ಪ ಅವನನ್ನು ಚಿಕ್ಕಂದಿನಲ್ಲೇ ದತ್ತು ತೆಗೆದುಕೊಂಡು ಕುಂದಾಪುರದಿಂದ ಮದರಾಸಿಗೆ ಕರೆದುಕೊಂಡು ಬಂದಿದ್ದರು. ಹೋಟೆಲು ಅವರದೇ, ಈಗ ಇವನದು. ನಾವು ತಲುಪಿದ ಮಧ್ಯಾಹ್ನ ಸಾಹೇಬರಿಗೆ ಎಲೆ ಹಾಕಿ, ಸಾರು ಅನ್ನವನ್ನು ಅವರು ಕೈಯಿಂದ ಕಲಸುವುದನ್ನು ನೋಡುತ್ತ ಹಿಗ್ಗಿದ. ನಾನು ಫ್ಯಾನಿನ ಕೆಳಗೆ ಬಿದ್ದವಳು ಸಂಜೆಯವರೆಗೆ ಏಳಲಿಲ್ಲ.

ಮರುದಿನ ಆಟೋದಲ್ಲಿ ರಾಯಪುರಂಗೆ ಹೋದೆವು. ಮೂವರು ಸವಾರರೆಂದು ಡ್ರೈವರು ಮುನ್ನೂರಕ್ಕೆ ಪಟ್ಟು ಹಿಡಿದ. ಬಂದರಿನ ಲಾರಿಗಳ ನಡುವೆ ನುಸುಳಿ, ಮೀನಿನ ಬುಟ್ಟಿಗಳನ್ನು ದಾಟಿ, ಒಂದು ಕಿರಿದಾದ ಬೀದಿಯಲ್ಲಿ ಇಳಿದೆವು. ಶೀನಣ್ಣ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ನಡೆದ. ಬಾಗಿಲಲ್ಲಿ ಜೆರಾಲ್ಡ್ ಕಾಯುತ್ತಿದ್ದರು. ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು, ಈಗ ಪಿಂಚಣಿದಾರರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು.

ಗೋಡೆಯಲ್ಲಿ ಅವರ ಅಪ್ಪನ ಫೋಟೋ ಇತ್ತು. ಸಾಹೇಬರದ್ದೇ ಗಿಣಿಮೂಗು! ಹ್ಯೂ ಸಾಹೇಬರು ತಮ್ಮ ಮೂಗು ಮುಟ್ಟಿಕೊಂಡರು, ಕಣ್ಣು ಒದ್ದೆಯಾದವು. ಆಮೇಲೆ ಜೆರಾಲ್ಡರತ್ತ ತಿರುಗಿ, "ನೀವು ಬಚಾವಾದಿರಿ, ಈ ಮೂಗು ನಿಮಗೆ ಬರಲಿಲ್ಲ" ಎಂದು ತಮಾಷೆ ಮಾಡಿದರು.

"ಹೇಗೆ ಬರುತ್ತದೆ ಸಾರ್? ನನ್ನನ್ನು ಅನಾಥಾಶ್ರಮದಿಂದ ತಂದು ಸಾಕಿದ್ದಲ್ಲವಾ?" ಎಂದರು ಜೆರಾಲ್ಡ್ ಸಹಜವಾಗಿ, ಇಂಗ್ಲಿಷಿನಲ್ಲಿ. ಆಮೇಲೆ ಗಾಬರಿಯಿಂದ ಶೀನಣ್ಣನನ್ನು ನೋಡಿ, "ರಾವ್ ಸಾರ್, ಸೊಲ್ಲಲಿಯಾ?" ಎಂದು, ಹೇಳಿಲ್ಲವಾ ಎಂಬಂತೆ, ತಮಿಳಿನಲ್ಲಿ ಕೇಳಿದರು.

"ಅದರಲ್ಲಿ ಹೇಳ್ಲಿಕ್ಕೆ ಎಂತ ಉಂಟು?" ಎಂದ ಶೀನಣ್ಣ. "ದತ್ತು ಅಂದ್ರೆ ಮಗನೇ ಅಲ್ವಾ!"

ಹ್ಯೂ ಸಾಹೇಬರು ನಿಧಾನವಾಗಿ ಕುರ್ಚಿಯಲ್ಲಿ ಕುಸಿದರು. ತಮ್ಮ ದೇಶದ ಕಾನೂನಿನಲ್ಲಿ ದತ್ತು ಮಗ ಮನೆ, ದುಡ್ಡು, ಏನು ಬೇಕಾದರೂ ಪಡೆಯಬಹುದು, ಆದರೆ ಬಿರುದು ಮಾತ್ರ ರಕ್ತಕ್ಕೆ ಮೀಸಲು ಎಂದು ಹೇಳಿದರು. ಹೇಳಿ ಕ್ಷಮೆಯನ್ನೂ ಕೇಳಿದರು. ಶೀನಣ್ಣನಿಗೆ ಎಲ್ಲಿತ್ತೋ ಸಿಟ್ಟು, ಕನ್ನಡದಲ್ಲಿ ನನ್ನ ಮೇಲೆ ಹರಿಹಾಯ್ದ. "ಇವರಿಗೆ ಹೇಳು ತಂಗಿ. ಹೆತ್ತಮ್ಮ ಹೋದಾಗ, ದತ್ತು ಹೋದವ ಅಂತ, ನಾನು ಕೊಳ್ಳಿ ಹಿಡಿಯುವ ಹಾಗಿರ್ಲಿಲ್ಲ. ಮೂರು ದಿನ ಸೂತಕ ಹಿಡಿದು, ನೆಂಟರ ಹಾಗೆ ಎದ್ದು ಬಂದೆ. ನೀವೆಲ್ಲ ಒಳಗೆ ಅಳ್ತಾ ಇದ್ರಿ. ಅಷ್ಟು ಕಳ್ಕೊಂಡ ಮೇಲೆ ನಾನು ದೊಡ್ಡಪ್ಪನ ಮಗ ಆದದ್ದು. ರಕ್ತ ಅಂತೆ ರಕ್ತ!"

ನಾನು ಅನುವಾದ ಮಾಡಲಿಲ್ಲ. ಅಮ್ಮ ಹೋದ ದಿನ ಅವನು ಜಗಲಿಯಲ್ಲಿ ಒಬ್ಬನೇ ಕೂತಿದ್ದನ್ನು ನಾನೂ ನೋಡಿದ್ದೆ, ಶಾಸ್ತ್ರ ಅಂತ ಸುಮ್ಮನಿದ್ದೆವು. ಇಷ್ಟು ವರ್ಷ ಈ ನೋವನ್ನು ಹೊತ್ತು ಇಡ್ಲಿ ಬೇಯಿಸಿದನೇ ಎಂದುಕೊಂಡೆ. ಜೆರಾಲ್ಡರ ಹೆಂಡತಿ ತಂದಿಟ್ಟ ಚಹಾವನ್ನು ಯಾರೂ ಪೂರ್ತಿ ಕುಡಿಯಲಿಲ್ಲ. ವಾಪಸು ಬರುವಾಗ ಆಟೋದಲ್ಲಿ ಶೀನಣ್ಣ ಸಾಹೇಬರ ಕಡೆ ಬೆನ್ನು ತಿರುಗಿಸಿ ಕೂತಿದ್ದ. ನನಗಂತೂ ಲಾರ್ಡುಗಿರಿಯೂ ಬೇಡ, ಚೆನ್ನೈಯೂ ಬೇಡ, ಯಾವಾಗ ನಮ್ಮ ಮನೆ ಸೇರುತ್ತೇನೋ ಅನ್ನಿಸಿತ್ತು.

ಮರುದಿನ ರೈಲಿನ ಹೊತ್ತಿಗೆ ಜೆರಾಲ್ಡ್ ಸೆಂಟ್ರಲ್‌ಗೆ ಬಂದರು. ನಿದ್ದೆಗೆಟ್ಟ ಮುಖ. ಶೀನಣ್ಣ ನಮಗೆ ಮೊಸರನ್ನದ ಪೊಟ್ಟಣ ಕೊಟ್ಟು ದೂರ ನಿಂತಿದ್ದ. ಜೆರಾಲ್ಡ್ ಬೋಗಿಯ ಬಾಗಿಲ ಹತ್ತಿರ ಬಂದು, "ಸಾರ್, ಬಿರುದು ನನಗೆ ಬೇಡವೇ ಬೇಡ. ಆದರೆ ಈ ಹೆಸರು... ನಿಮ್ಮ ಮನೆತನದ ಹೆಸರು. ಅದನ್ನಾದರೂ ನಾನು ಇಟ್ಟುಕೊಳ್ಳಬಹುದಾ? ನನ್ನ ಗಂಡುಮಕ್ಕಳಿಗೂ ಅದನ್ನೇ ಇಟ್ಟುಬಿಟ್ಟಿದ್ದೇನೆ" ಎಂದರು.

ಹ್ಯೂ ಸಾಹೇಬರು ಮಂಡಿ ನೋವಿನಲ್ಲೂ ಮೆಟ್ಟಿಲಿಳಿದು ಮತ್ತೆ ಪ್ಲಾಟ್‌ಫಾರ್ಮಿಗೆ ಬಂದರು. "ನನ್ನ ಹೆಣ್ಣುಮಕ್ಕಳು ಗಂಡಂದಿರ ಹೆಸರು ಇಟ್ಟುಕೊಂಡಿದ್ದಾರೆ. ನಾನು ಸತ್ತ ಮೇಲೆ ಆ ಹೆಸರಿನವರು ಅಂತ ಈ ಲೋಕದಲ್ಲಿ ಇರುವುದು ನಿಮ್ಮ ಮನೆಯೊಂದೇ," ಎಂದು ಜೆರಾಲ್ಡರ ಎರಡೂ ಕೈ ಹಿಡಿದುಕೊಂಡರು. "ಬಿಡಬೇಡಿ. ದಯವಿಟ್ಟು ಬಿಡಬೇಡಿ."

ಇದನ್ನು ಮಾತ್ರ ನಾನು ಶೀನಣ್ಣನಿಗೆ ಕೂಗಿ ಕನ್ನಡದಲ್ಲಿ ಹೇಳಿದೆ. ಅವನು ಹತ್ತಿರ ಬಂದು ಸಾಹೇಬರ ತೋಳು ಹಿಡಿದು ರೈಲಿಗೆ ಹತ್ತಿಸಿದ. ರೈಲು ಹೊರಟಿತು. ಕಿಟಕಿಯಿಂದ ತಿರುಗಿ ನೋಡಿದೆ. ಜೆರಾಲ್ಡ್ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಮ್ಮಣ್ಣ ಅವರ ಹೆಗಲ ಮೇಲೆ ಕೈ ಹಾಕಿ, ನಿಲ್ದಾಣದ ಬಾಗಿಲ ಕಡೆ ಕರೆದುಕೊಂಡು ಹೋಗುತ್ತಿದ್ದ.