ಸಪ್ಪಳ ಕೇಳಿ ಆಯ್ಕೊಂಡ ಸ್ವಿಚ್ಚು

ಮೊಮ್ಮಗಳು ಗಿರಿಜಾ ಅಡಗಿ ಮನ್ಯಾಗ ನನ್ನ ಬಾಜೂಕ ಕುಂತು ಟೈಪಿಂಗ್ ಕೆಲಸ ಮಾಡ್ತಿದ್ಲು. ನನ್ನ ಕಣ್ಣು ಮಂಜು, ಅಕಿ ಹಳೇ ಕೀಬೋರ್ಡಿಗೆ ಸಪ್ಪಳಿಲ್ಲ. ಅಕಿ ಅದಾಳೋ, ಎದ್ದು ಹೋಗ್ಯಾಳೋ ತಿಳೀತಿರಲಿಲ್ಲ. ಹೊಸಾ ಕೀಬೋರ್ಡ್ ತರಾಕ ಅಕಿ ಹಾನಗಲ್ಲಿಂದ ಹುಬ್ಬಳ್ಳಿಗೆ ಹೊಂಟಾಗ ನಾನೂ ಬಸ್ ಹತ್ತಿದ್ನಿ.

ಅಂಗಡಿಯಾಂವ ನಾಕು ನಮೂನಿ ಸ್ವಿಚ್ ಮುಂದಿಟ್ಟು, "ಒತ್ತಿ ನೋಡ್ರಿ. ಕೈಗೆ ಹಿತಾ ಅನಿಸಿದ್ದನ್ನ ಕೀಗಳ ಕೆಳಗ ಹಾಕಿ ಕೊಡ್ತೇನಿ" ಅಂದ. ಗಿರಿಜಾ ಬೆಣ್ಣಿಯಂಥಾ ಮೆತ್ತಂದು ಒಂದನ್ನ ಒತ್ತಿ ನಕ್ಕಳು. ನಾನು ಸಂತ್ಯಾಗ ಗಡಿಗಿ ಬಾರಿಸಿ ನೋಡಿದಂಗ ಒಂದೊಂದನ್ನೂ ಕಿವಿ ಹತ್ರ ಹಿಡದು ಒತ್ತಿದ್ನಿ. ಒಂದು ಟಕ್ ಅಂತು.

"ಇದು ನೋಡು, ಚಲೋ ಸುಟ್ಟ ಗಡಿಗಿ. ಇದನ್ನ ತಗೋ."

"ಅಜ್ಜೀ, ಇದು ಮನಿ ತುಂಬ ಕೇಳ್ತೈತಿ."

"ಕೇಳ್ಲಿ ಬಿಡವಾ. ನೀ ಬಾಜೂಕ ಅದೀ ಅಂತ ನನಗ ಗೊತ್ತಾಕ್ಕೈತಿ."

"ಅಮ್ಮಾರ, ಟೈಪ್ ಮಾಡಾವ್ರು ಅವ್ರು, ನೀವಲ್ರಿ" ಅಂದ ಅಂಗಡಿಯಾಂವ. ಆದ್ರೂ ಗಿರಿಜಾ ನನ್ನ ಮಾತು ಮೀರಲಿಲ್ಲ.

ಮರುದಿನ ಗಿರಿಜಾ ಟೈಪ್ ಮಾಡಾಕ ಹತ್ತಿದ ಕೂಡ್ಲೆ, ಪಡಸಾಲ್ಯಾಗ ಫೋನಿನ್ಯಾಗ ಮಾತಾಡಾಕತ್ತಿದ್ದ ನನ್ನ ಮಗ, "ಏನಬೇ ಇದು, ಆಣಿಕಲ್ಲು ಬಿದ್ದಂಗ!" ಅಂತ ಒದರಿದ. ಗಿರಿಜಾ ಕೀಬೋರ್ಡ್ ಎತ್ಕೊಂಡು ಮಾಳಿಗಿ ಖೋಲಿಗೆ ಹೋಗಿ ಬಾಗಲಾ ಹಾಕ್ಕೊಂಡ್ಲು. ಈಗ ಅಲ್ಲೇ ಕೆಲಸ. ಒಂದು ಟಕ್ಕೂ ಕೆಳಗ ಕೇಳೂದಿಲ್ಲ.

ಗಡಿಗಿ ಕೊಳ್ಳುವಾಗಷ್ಟ ಬಾರಸ್ತೇವಿ, ಮನಿಗೆ ತಂದ ಮ್ಯಾಲ ಯಾರೂ ಬಾರಸೂದಿಲ್ಲ; ಕೀಬೋರ್ಡ್ ಹಂಗಲ್ಲ, ದಿನಾ ಬಾರಸೂದು. ಇಷ್ಟು ವರ್ಷ ಗಡಿಗಿ ಕೊಂಡಾಕಿ, ಅದನ್ನ ಮರತಬಿಟ್ನಿ.