ಮೋಡದೊಂದಿಗೆ ಅರ್ಜಿದಾರರ ಸಂಬಂಧ

ನನ್ನ ಸೋದರಮಾವನನ್ನು ಊರಲ್ಲಿ ಎಲ್ಲರೂ ಮೋಡದ ಮೇಷ್ಟ್ರು ಅನ್ನುತ್ತಿದ್ದರು. ಅವರು ಯಾರಿಗೂ ಪಾಠ ಹೇಳಿದವರಲ್ಲ. ಹವಾಮಾನ ಕಚೇರಿಯ ಹಿಂದಿನ ಕೋಣೆಯಲ್ಲಿ ಕೂತು, ಉಪಗ್ರಹ ಯಾವತ್ತೋ ತೆಗೆದ ಹಳೇ ಚಿತ್ರಗಳನ್ನು ಒಂದರ ಹಿಂದೊಂದು ಪೋಣಿಸಿ ಓಡುವ ಚಿತ್ರ ಮಾಡುವುದು ಅವರ ಕೆಲಸ. ಅರ್ಧ ಗಂಟೆಗೊಂದರಂತೆ ದಿನಕ್ಕೆ ನಲವತ್ತೆಂಟು. ಓಡಿಸಿದರೆ ಇಡೀ ದಿನದ ಮೋಡ ಆರು ಸೆಕೆಂಡಿನಲ್ಲಿ ಪರದೆ ದಾಟುತ್ತದೆ, ಮುಗಿದ ಕೂಡಲೇ ಮತ್ತೆ ಮೊದಲಿಂದ ಶುರು. ಇದಕ್ಕೂ ಸಂಬಳ ಕೊಡುತ್ತಾರಾ ಎಂದು ನಾನು ಕೇಳುತ್ತಿದ್ದೆ. ಅದೇ ಕೋಣೆಯಲ್ಲಿ ನನಗೂ ಕೆಲಸ ಸಿಕ್ಕ ಮೇಲೆ ಕೇಳುವುದನ್ನು ಬಿಟ್ಟೆ.

ಮೋಡ ಬೇಕಾದವರು ಅರ್ಜಿ ಕೊಡಬೇಕು, ಮೂರು ಪ್ರತಿ. ಆ ನಮೂನೆಯನ್ನು ಯಾವ ಪುಣ್ಯಾತ್ಮ ಬರೆದನೋ, ಆರನೇ ಕಾಲಂ ಹೀಗಿತ್ತು: 'ಸದರಿ ಮೋಡದೊಂದಿಗೆ ಅರ್ಜಿದಾರರ ಸಂಬಂಧ'. ಖಾಲಿ ಬಿಟ್ಟರೆ ಗುಮಾಸ್ತೆ ವಾಪಸ್ ಕಳಿಸುತ್ತಿದ್ದಳು. ಹಾಗಾಗಿ ಎಲ್ಲರೂ ಏನಾದರೊಂದು ಬರೆಯುತ್ತಿದ್ದರು. ಗೋಡೆ ಬಿದ್ದವನು 'ವೈರಿ' ಎಂದು ಬರೆದ. ಕೊಡೆ ಅಂಗಡಿಯವನು 'ವ್ಯವಹಾರ' ಎಂದ. ಸೈಕಲ್ ಅಂಗಡಿಯವನೊಬ್ಬ ಬಿರುಗಾಳಿಯನ್ನು ಹಿಂದುಮುಂದಾಗಿ ಓಡಿಸಿ ಕೊಡಿ ಎಂದು ಬಂದಿದ್ದ. ಅವನು ಬರೆದದ್ದು 'ಮುಖ ಪರಿಚಯ'. ಮಾವ ಓಡಿಸಿ ಕೊಟ್ಟರು. ತನ್ನ ಅಂಗಡಿಯ ತಗಡು ಹಾರಿಸಿದ ಗಾಳಿ ಹಿಂದೆ ಹಿಂದೆ ಸರಿದು ಸಮುದ್ರ ಸೇರುವುದನ್ನು ನೋಡಿ ಅವನಿಗೆ ಅಷ್ಟಕ್ಕೇ ಸಮಾಧಾನವಾಯಿತು.

ಮಾವನಿಗೆ ಒಂದು ಹಠ. ದಾಖಲೆಯಲ್ಲಿ ಯಾವುದೋ ಹೊತ್ತಿನ ಚಿತ್ರ ಇಲ್ಲದಿದ್ದರೆ ಬೇರೆಯವರು ಹಿಂದಿನದನ್ನೇ ಇನ್ನೊಮ್ಮೆ ಅಂಟಿಸಿ ಕೈ ತೊಳೆದುಕೊಳ್ಳುತ್ತಾರೆ. ಮಾವ ಆ ಜಾಗದಲ್ಲಿ ಕಪ್ಪು ಚೌಕ ಇಡುತ್ತಿದ್ದರು. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ಬೇಕು ಕಣೋ," ಅನ್ನುತ್ತಿದ್ದರು. ಇಷ್ಟು ವರ್ಷದಲ್ಲಿ ಒಂದೇ ಒಂದು ಸುಳ್ಳು ಚೌಕ ಇಟ್ಟವರಲ್ಲ. ನಿವೃತ್ತಿಯ ದಿನ ಅದನ್ನೇ ಬರೆದು, ಚೌಕಟ್ಟು ಹಾಕಿಸಿ ಪ್ರಶಂಸಾಪತ್ರ ಕೊಡುವುದೆಂದು ಸಾಹೇಬರು ತೀರ್ಮಾನಿಸಿದರು. ಸುದ್ದಿ ಮಾವನ ಮನೆಗೂ ಮುಟ್ಟಿತು. ಮರುದಿನ ಬೆಳಿಗ್ಗೆ ಅತ್ತೆ ಮೂರು ಪ್ರತಿ ಅರ್ಜಿ ಹಿಡಿದು ಕಚೇರಿಗೇ ಬಂದರು.

ಅವರು ಕೇಳಿದ್ದು, ಮಾವ ಮದುವೆ ಮಾತಿಗೆಂದು ಮೊದಲ ಸಲ ತಮ್ಮ ಮನೆಗೆ ಬಂದ ದಿನದ ಮೋಡ. ಆ ಕತೆ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ನಾಲ್ಕಕ್ಕೆ ಬರಬೇಕಿದ್ದ ಮಾವ ಐದೂವರೆಗೆ, ತೊಪ್ಪೆಯಾಗಿ ನೆನೆದು ಬಂದರಂತೆ. ದಾರಿಯಲ್ಲಿ ಜೋರು ಮಳೆ ಅಂದರಂತೆ. ಅತ್ತೆಯ ಅಪ್ಪ ಏನೂ ಕೇಳದೆ ಟವೆಲ್ ಕೊಟ್ಟು, ಎದ್ದು ಹೋಗಿ ಕಿಟಕಿಗಳನ್ನೆಲ್ಲ ಮುಚ್ಚಿದರಂತೆ. ಆರನೇ ಕಾಲಂನಲ್ಲಿ ಅತ್ತೆ ದುಂಡಗೆ ಬರೆದಿದ್ದರು: 'ಈ ಮೋಡವನ್ನು ನಂಬಿ ಸಂಸಾರ ಮಾಡಿದವಳು.'

ಗುಮಾಸ್ತೆ ಮುದ್ರೆ ಒತ್ತಿದಳು. ಅರ್ಜಿ ಕ್ರಮಬದ್ಧವಾಗಿತ್ತು.

ಓದಿದ ಮಾವನ ಮುಖ ಸಪ್ಪಗಾಯಿತು. "ಇವಳಿಗೆ ಈಗ ಯಾಕೋ ಬೇಕಿತ್ತು ಇದು?" ಎಂದು ನನ್ನನ್ನು ಕೇಳಿದರು. ಎರಡು ದಿನ ಊಟ ಸೇರಲಿಲ್ಲ. ಆ ದಿನದ ಪಟ್ಟಿ ತೆಗೆದುಕೊಟ್ಟವನು ನಾನೇ. ನಲವತ್ತೆಂಟು ಚಿತ್ರಗಳೂ ಇದ್ದವು. ನಾಲ್ಕರಿಂದ ಮುಂದಿನವನ್ನು ನೋಡಿ ಅಯ್ಯೋ ಪಾಪ ಅನ್ನಿಸಿತು. ಪ್ರಶಂಸಾಪತ್ರ ಹೋದರೆ ಹೋಗಲಿ, ಮನೆಯಲ್ಲಿರುವ ಮರ್ಯಾದೆಯೂ ಹೋದರೆ ನಿವೃತ್ತಿಯಾದ ಮನುಷ್ಯ ಹಗಲೆಲ್ಲ ಎಲ್ಲಿ ಕೂರಬೇಕು.

ಸಮಾರಂಭದ ದಿನ ಸಾಹೇಬರು, ಗುಮಾಸ್ತೆ, ಮಾವ, ಅತ್ತೆ, ನಾನು ಪರದೆ ಮುಂದೆ ಕೂತೆವು. ಮೋಡ ಓಡಿತು. ಬೆಳಿಗ್ಗೆ ತೆಳ್ಳಗೆ ಒಂದು ಪಟ್ಟಿ ಬಂದು ಹೋಯಿತು. ಮಧ್ಯಾಹ್ನ ನಮ್ಮೂರ ಮೇಲೆ ಏನೂ ಇಲ್ಲ. ನಾಲ್ಕಕ್ಕೆ ಕಪ್ಪು. ನಾಲ್ಕೂವರೆಗೆ ಕಪ್ಪು. ಐದಕ್ಕೂ ಕಪ್ಪು. ಐದೂವರೆಗೆ ನಿಚ್ಚಳ ಆಕಾಶ. ನಾನು ತಲೆ ತಗ್ಗಿಸಿ ಕೂತೆ.

"ಛೆ, ಬೇಕಾದ ಹೊತ್ತಿಂದೇ ಇಲ್ವಲ್ಲಮ್ಮ," ಅಂದರು ಸಾಹೇಬರು.

ಅತ್ತೆ ಎಂಟು ಸುತ್ತು ನೋಡಿದರು. ಒಂಬತ್ತನೇ ಸುತ್ತಿಗೆ ಮಾವನೇ ಎದ್ದು, ಕೀಬೋರ್ಡ್ ಎಳೆದುಕೊಂಡು, ಮೂರು ಚಿತ್ರಗಳನ್ನು ಅವುಗಳ ಜಾಗಕ್ಕೆ ಸೇರಿಸಿ ಓಡಿಸಿದರು. ನಾಲ್ಕು, ನಾಲ್ಕೂವರೆ, ಐದು. ಉಗುರಿನಷ್ಟೂ ಮೋಡವಿಲ್ಲ.

"ಮಳೆ ಬಂದಿರ್ಲಿಲ್ಲ," ಅಂದರು ಮಾವ, ಪರದೆ ಕಡೆಗೇ ನೋಡುತ್ತಾ. "ನಿಮ್ಮ ಬೀದಿ ತನಕ ಬಂದು ಮೂರು ಸಲ ವಾಪಸ್ ಹೋದೆ. ಭಯ ಆಯ್ತು. ತಡ ಆಗಿದ್ದಕ್ಕೆ ಏನ್ ಹೇಳೋದು ಅಂತ ತಿಳೀದೆ ಬೀದಿ ಮೂಲೆಯ ನಲ್ಲಿ ನೀರಿಗೆ ತಲೆ ಒಡ್ಡಿದೆ."

"ಗೊತ್ತು," ಅಂದರು ಅತ್ತೆ. "ತಾರಸಿ ಮೇಲೆ ಒಣಗಿದ ಬಟ್ಟೆ ತೆಗೀತಿದ್ದೆ. ಎಲ್ಲಾ ಕಾಣ್ತಿತ್ತು. ಮೂರಲ್ಲ, ನಾಲ್ಕು ಸಲ ವಾಪಸ್ ಹೋದ್ರಿ."

ಸಾಹೇಬರು ಪ್ರಶಂಸಾಪತ್ರದ ಚೌಕಟ್ಟು ಬಿಚ್ಚಿ, 'ಎಂದೂ ಸುಳ್ಳು ತೋರಿಸಿದವರಲ್ಲ' ಎಂಬ ಸಾಲಿನ ಮುಂದೆ 'ಎಂಟು ಸುತ್ತು ಹೊರತುಪಡಿಸಿ' ಎಂದು ಸೇರಿಸಿ ಸಹಿ ಹಾಕಿದರು. ಗುಮಾಸ್ತೆಗೆ ಬೇರೆ ಚಿಂತೆ. ನಂಬಿದವಳು ಎಂದು ಬರೆದದ್ದು ತಪ್ಪು ಮಾಹಿತಿಯಾಗುತ್ತದೆ, ಮೂರೂ ಪ್ರತಿ ತಿದ್ದಬೇಕು ಎಂದಳು. ಅತ್ತೆ ಪೆನ್ನು ಕೇಳಿ ಪಡೆದು, ಹೊಡೆದುಹಾಕಿ 'ಪ್ರತ್ಯಕ್ಷ ಸಾಕ್ಷಿ' ಎಂದು ಬರೆಯತೊಡಗಿದರು.

"ಎಲ್ಲಾ ನೋಡಿದ್ಮೇಲೂ ಯಾಕೆ ಒಪ್ಪಿದೆ?" ಮಾವ ಕೇಳಿದರು.

ಅತ್ತೆ ಮೂರನೇ ಪ್ರತಿ ಮುಗಿಸಿ ಪೆನ್ನಿನ ಮುಚ್ಚಳ ಹಾಕಿದರು.

"ನಾಲ್ಕು ಸಲ ಹೋದೋರು ಐದು ಸಲ ಬಂದ್ರಲ್ಲ, ಅದಕ್ಕೆ."